ಮಲಬದ್ಧತೆಯ ಔಷಧಗಳೂ ಅವುಗಳ ಪರೀಕ್ಷೆಯೂ

ಶಿರಹಟ್ಟಿಯ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ, ದೇವರ ಕೋಣೆಯ ಬಾಗಿಲಿಗೆ ಹೊಂದಿ, ಗೋಡೆಯೊಳಗೆ ಒಂದು ಗೂಡು ಇತ್ತು. ಔಡಲೆಣ್ಣೆಯ ಒಂದು ಸೀಸೆ, ಅಳಲೆಕಾಯಿಗಳನ್ನು ತುಂಬಿದ ಒಂದು ಡಬ್ಬಿ, ಸೋನಾಮುಖಿಯ ಒಣಗಿದ ಎಲೆಗಳ ಒಂದು ಗಂಟು, ಈ ಮೂರು ವಸ್ತುಗಳು ಅದರಲ್ಲಿ ಯಾವಾಗಲೂ ಇರುತ್ತಿದ್ದವು. ತಿಂಗಳಿಗೊಂದು ಆದಿತ್ಯವಾರ ಬೆಳಗಿನಲ್ಲಿ ಅಜ್ಜಿಯು ಮನೆಯ ಹುಡುಗರನ್ನೆಲ್ಲ ಸಾಲಾಗಿ ಕುಳ್ಳಿರಿಸಿ, ಬಿಸಿ ಚಹದಲ್ಲಿ ಔಡಲೆಣ್ಣೆಯನ್ನು ಬೆರಸಿ ಕುಡಿಸುತ್ತಿದ್ದಳು. ಇದರಿಂದ ಗುಣವಾಗುವದೆಂದು ನಿನಗೆ ಹೇಗೆ ಗೊತ್ತು ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಆಕೆಯು, “ನಮ್ಮ ಅತ್ತಿ ಕೊಡತಿದ್ಲು, ಆಕಿ ಅತ್ತಿನೂ ಕೊಡತಿದ್ಲಂತ. ನೀ ಸುಮ್ನ ಕುಡಿ” ಎಂದಳು.

ಮುಂದೆ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದುವಾಗ ಅಜ್ಜಿಯ ಆ ಉತ್ತರಕ್ಕೆ ಶಾಸ್ತ್ರದಲ್ಲಿ ಒಂದು ಹೆಸರಿದೆಯೆಂದು ತಿಳಿಯಿತು, ಅದು ಆಪ್ತವಾಕ್ಯ. ಆಪ್ತರ ಮಾತು ಪ್ರಮಾಣವೆಂಬದು ಸರಿಯೇ. ಆದರೆ ಆ ಆಪ್ತರಾದರೂ ಅದನ್ನು ಅರಿತದ್ದು ಹೇಗೆ? ಒಂದು ಔಷಧವು ನಿಜವಾಗಿಯೇ ಕೆಲಸ ಮಾಡುವದೆಂದು ಮನುಷ್ಯನು ಯಾವ ದಾರಿಯಿಂದ ನಿಶ್ಚಯಿಸಿಕೊಂಡನು? ಈ ಪ್ರಶ್ನೆಯ ಚರಿತ್ರೆಯನ್ನು ಮಲಬದ್ಧತೆಯೆಂಬ ಒಂದೇ ವ್ಯಾಧಿಯ ಮಟ್ಟಿಗೆ ಇಲ್ಲಿ ನಿರೂಪಿಸಬೇಕೆಂದಿದ್ದೇನೆ. ವಿಷಯವು ಗೋಷ್ಠಿಗೆ ಒಪ್ಪತಕ್ಕದ್ದಲ್ಲವೆಂದು ವಾಚಕರು ಮುಖ ತಿರುಗಿಸಬಾರದು. ವಯಸ್ಸಾದವರಿರುವ ಮನೆಗಳಲ್ಲಿ ಇದರ ಮಾತು ಬಾರದ ದಿನವಿಲ್ಲ. ಆದರೂ ಇದನ್ನು ಕುರಿತು ವಿಚಾರಪೂರ್ವಕವಾಗಿ ಮಾತಾಡುವವರು ಕಡಿಮೆ. ಆ ಸಂಕೋಚದಿಂದ ನಮ್ಮ ಮನೆತನಕ್ಕೆ ಒದಗಿದ ಹಾನಿಯನ್ನು ಲೇಖನದ ಕೊನೆಗೆ ಹೇಳುವೆನು.

ನಮ್ಮ ಪ್ರಾಚೀನರು ಕೋಷ್ಠಶುದ್ಧಿಯ ವಿಷಯವನ್ನು ಎಷ್ಟು ವಿಸ್ತಾರವಾಗಿ ವಿಚಾರಿಸಿದ್ದರೆಂಬದಕ್ಕೆ ಚರಕಸಂಹಿತೆಯೇ ಸಾಕ್ಷಿಯು. ಅದರಲ್ಲಿ ಎಣಿಸಿದ ಶೋಧನಯೋಗಗಳು ಒಟ್ಟು 600. ಅವುಗಳಲ್ಲಿ ವಮನಕ್ಕೆ 355, ವಿರೇಚನಕ್ಕೆ 245. ಸುಖವಾಗಿ ವಿರೇಚನ ಮಾಡಿಸುವ ದ್ರವ್ಯಗಳಲ್ಲಿ ತ್ರಿವೃತ್ತು ಅಂದರೆ ತಿಗಡೆಯು ಶ್ರೇಷ್ಠವೆಂದೂ, ಮೃದುವಾದವುಗಳಲ್ಲಿ ಆರಗ್ವಧ ಅಂದರೆ ಕಕ್ಕೆಯು ಶ್ರೇಷ್ಠವೆಂದೂ, ತೀಕ್ಷ್ಣವಾದವುಗಳಲ್ಲಿ ಕಳ್ಳಿಯ ಹಾಲು ಮೊದಲನೆಯದೆಂದೂ ಅಲ್ಲಿ ತರತಮವನ್ನು ಹೇಳಿದೆ. ಅಷ್ಟೇ ಅಲ್ಲ, ಮನುಷ್ಯರ ಕೋಷ್ಠವು ಮೃದು, ಮಧ್ಯಮ, ಕ್ರೂರವೆಂದು ಮೂರು ತೆರನಾಗಿರುವದರಿಂದ, ಒಬ್ಬನಿಗೆ ಹಾಲು ಕುಡಿದ ಮಾತ್ರಕ್ಕೆ ಆಗುವ ಕೆಲಸವು ಇನ್ನೊಬ್ಬನಿಗೆ ತೀಕ್ಷ್ಣೌಷಧದಿಂದಲೂ ಆಗಲಿಕ್ಕಿಲ್ಲವೆಂದು ಎಚ್ಚರಿಸಿದೆ. ಔಷಧದ ಪರೀಕ್ಷೆಗೆ ಒಬ್ಬನ ಅನುಭವವು ಏಕೆ ಸಾಲದೆಂಬ ಮಾತಿನ ಬೀಜವು ಇದರಲ್ಲಿಯೇ ಅಡಗಿದೆ.

ಪರೀಕ್ಷೆಯೆಂಬ ಶಬ್ದವೂ ಪರಕೀಯವಾದದ್ದಲ್ಲ. ಸತ್ತು ಅಸತ್ತುಗಳನ್ನು ನಿರ್ಣಯಿಸಲು ಚರಕನು ಹೇಳುವ ಪರೀಕ್ಷೆಗಳು ನಾಲ್ಕು: ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ. ಯುಕ್ತಿಯೆಂದರೆ ಅನೇಕ ಕಾರಣಗಳು ಕೂಡಿ ಒಂದು ಕಾರ್ಯವಾದಾಗ ಅವುಗಳ ಸಂಬಂಧವನ್ನು ವಿವೇಚಿಸಿ ಕಾಣುವ ಬುದ್ಧಿ. ಆಪ್ತೋಪದೇಶವನ್ನು ಮೊದಲು ಹೇಳಿದ್ದರೂ ಅದೊಂದರಲ್ಲಿಯೇ ನಿಲ್ಲಬೇಕೆಂದು ಆಚಾರ್ಯನು ಹೇಳಲಿಲ್ಲವೆಂಬದು ಗಮನಿಸತಕ್ಕ ಸಂಗತಿಯು.

ಈ ವೈದ್ಯಪರಂಪರೆಗೆ ನಮ್ಮ ಸೀಮೆಯ ಸಂಬಂಧವೂ ಉಂಟು. ಲಕ್ಷ್ಮೇಶ್ವರವು ಪ್ರಾಚೀನ ಪುಲಿಗೆರೆ. ಅಲ್ಲಿಯ ಶಂಖಜಿನಾಲಯಕ್ಕೆ ಸಂಬಂಧಿಸಿದ, ಶಕೆ 651ರ ಚಾಲುಕ್ಯ ವಿಜಯಾದಿತ್ಯನ ದಾನವನ್ನು ಹೇಳುವ ಶಾಸನದಲ್ಲಿ ಪೂಜ್ಯಪಾದರ ಶಿಷ್ಯನೆನಿಸಿದ ಉದಯದೇವ ಪಂಡಿತನ ಹೆಸರು ಬರುತ್ತದೆ. ವ್ಯಾಕರಣದಲ್ಲಿ ಪ್ರಸಿದ್ಧರಾದ ಈ ಪೂಜ್ಯಪಾದರನ್ನು ಜೈನ ಪರಂಪರೆಯು ವೈದ್ಯಾಚಾರ್ಯರೆಂದೂ ಸ್ಮರಿಸುವದು. ಅವರದೆಂದು ಹೇಳಲಾಗುವ ಕಲ್ಯಾಣಕಾರಕವನ್ನು ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದನು. ಜೈನ ವೈದ್ಯರು ಮದ್ಯ, ಮಾಂಸ, ಮಧುಗಳನ್ನು ತಮ್ಮ ಚಿಕಿತ್ಸೆಯಿಂದ ಬಿಟ್ಟುಕೊಟ್ಟು, ಅವಿಲ್ಲದೆಯೇ ಯೋಗಗಳನ್ನು ಕಟ್ಟಿದರು. ಶಾಸ್ತ್ರವನ್ನು ಗೌರವಿಸುತ್ತಲೇ ತಿದ್ದಿಕೊಳ್ಳುವ ಪದ್ಧತಿಯು ಈ ನಾಡಿನಲ್ಲಿ ಹಳೆಯದೆಂಬದು ಇದರಿಂದ ಗೊತ್ತಾಗುವದು. ಗದಗ, ಮುಂಡರಗಿ, ಶಿರಹಟ್ಟಿಗಳ ನಡುವೆ ಹಬ್ಬಿರುವ ಕಪ್ಪತ್ತಗುಡ್ಡವಂತೂ ತಲೆಮಾರುಗಳಿಂದ ನಮ್ಮ ವೈದ್ಯರಿಗೆ ಮೂಲಿಕೆಗಳ ಉಗ್ರಾಣವಾಗಿದೆ.

ಸೋನಾಮುಖಿಯ ಕಥೆಯು ಇದಕ್ಕೆ ಇನ್ನೊಂದು ನಿದರ್ಶನ. ಅಜ್ಜಿಯು ಅದನ್ನು ಋಷಿಗಳ ಕಾಲದ್ದೆಂದು ತಿಳಿದಿದ್ದಳು. ವಾಸ್ತವವಾಗಿ ಅದು ಅರಬ್ಬರ ವೈದ್ಯದ ಮೂಲಕ ಬಂದ ದ್ರವ್ಯ. ತಮಿಳುನಾಡಿನ ತಿರುನೆಲ್ವೇಲಿಯ ಸೀಮೆಯಲ್ಲಿ ಬೆಳೆದು, ಆ ಊರಿನ ಹೆಸರಿನಿಂದಲೇ ಲೋಕದ ಮಾರುಕಟ್ಟೆಯಲ್ಲಿ ಪ್ರಸಿದ್ಧವಾಯಿತು. ಇಸಬಗೋಲಿನ ಹೆಸರು ಪಾರಸಿಯದು; ಕುದುರೆಯ ಕಿವಿಯೆಂದು ಅದರ ಅರ್ಥ. ಇಂದು ಗುಜರಾತದ ಹೊಲಗಳಲ್ಲಿ ಅದು ಬೆಳೆಯುವದು. ಹೀಗೆ ಹೊರಗಿನಿಂದ ಬಂದವುಗಳನ್ನೂ ನಮ್ಮ ಹಿರಿಯರು ಗುಣವನ್ನು ನೋಡಿ ಮನೆಯೊಳಗೆ ತಂದುಕೊಂಡರು.

ಇಷ್ಟೆಲ್ಲ ಅನುಭವವಿದ್ದ ಮೇಲೆ ಮತ್ತೆ ಬೇರೆ ಪರೀಕ್ಷೆಯು ಏತಕ್ಕೆಂದು ಕೇಳಬಹುದು. ಇದಕ್ಕೆ ಉತ್ತರವನ್ನು ಕಾಕತಾಲೀಯ ನ್ಯಾಯವು ಕೊಡುತ್ತದೆ. ಕಾಗೆಯು ಬಂದು ಕುಳಿತುಕೊಳ್ಳುವದಕ್ಕೂ ತಾಳೆಯ ಹಣ್ಣು ಬೀಳುವದಕ್ಕೂ ಸರಿಹೋಯಿತು. ನೋಡಿದವನು ಕಾಗೆಯ ಭಾರದಿಂದಲೇ ಹಣ್ಣು ಬಿದ್ದಿತೆಂದನು. ಮಲಬದ್ಧತೆಯು ಈ ಬಗೆಯ ಭ್ರಾಂತಿಗೆ ಬಹಳ ಅನುಕೂಲವಾದ ವ್ಯಾಧಿಯು. ಅದು ಒಂದೇ ಸಮನಾಗಿರದೆ ಒಂದು ವಾರ ಹೆಚ್ಚು, ಒಂದು ವಾರ ಕಡಿಮೆಯಾಗಿರುತ್ತದೆ. ಮನುಷ್ಯನು ಔಷಧವನ್ನು ಹುಡುಕುವದು ಬಾಧೆಯು ಅತಿಯಾದಾಗ. ಆಮೇಲೆ ಅದು ತಾನಾಗಿಯೇ ಇಳಿದರೂ ಕೀರ್ತಿಯು ಔಷಧದ ಪಾಲಿಗೆ ಬರುವದು. ಮೇಲಾಗಿ ಔಷಧವನ್ನು ಹಿಡಿದವನು ನೀರನ್ನು ಹೆಚ್ಚಾಗಿ ಕುಡಿಯುವನು, ಹೊತ್ತಿಗೆ ಸರಿಯಾಗಿ ಉಣ್ಣುವನು, ಬೆಳಗಿನಲ್ಲಿ ನಾಲ್ಕು ಹೆಜ್ಜೆ ತಿರುಗಾಡುವನು. ಗುಣವು ಯಾವದರಿಂದ ಬಂದಿತು? ಇವುಗಳೆಲ್ಲವುಗಳ ಜೊತೆಗೆ ವೈದ್ಯನ ಮೇಲಿನ ವಿಶ್ವಾಸವೂ ಒಂದು ಕಾರಣವಾಗಿ ನಿಲ್ಲುವದು.

ತರ್ಕಶಾಸ್ತ್ರದಲ್ಲಿ ಇದಕ್ಕೆ ಪರಿಹಾರವುಂಟು. ಕಾರಣವಿದ್ದಲ್ಲಿ ಕಾರ್ಯವಿರುವದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವಿಲ್ಲದಿರುವದು ವ್ಯತಿರೇಕ. ಎರಡೂ ಕೂಡಿದಾಗ ಮಾತ್ರ ಕಾರ್ಯಕಾರಣಭಾವವು ದೃಢವಾಗುವದು. ನಮ್ಮ ಅಜ್ಜಿಯಂದಿರಲ್ಲಿಯೂ ವೈದ್ಯರಲ್ಲಿಯೂ ಅನ್ವಯದ ಅನುಭವವು ಹೇರಳವಾಗಿತ್ತು. ಔಷಧವನ್ನು ಕೊಟ್ಟರು, ಗುಣವಾಯಿತು. ಅದೇ ವ್ಯಾಧಿಯ ಅದೇ ಬಗೆಯ ಜನರಿಗೆ ಔಷಧವನ್ನು ಕೊಡದೆ ಏನಾಗುವದೆಂದು ಅಷ್ಟೇ ಶ್ರದ್ಧೆಯಿಂದ ನೋಡಿದವರು ಮಾತ್ರ ಪೂರ್ವಕಾಲದಲ್ಲಿ ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಅತಿ ವಿರಳ. ವ್ಯತಿರೇಕವನ್ನು ಸಂಪಾದಿಸುವದೇ ಔಷಧಪರೀಕ್ಷೆಯ ಚರಿತ್ರೆಯ ಸಾರವಾಗಿದೆ.

1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯನು ಸ್ಕರ್ವಿ ರೋಗದಿಂದ ಪೀಡಿತರಾದ 12 ಜನ ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಬೇರೆ ಬೇರೆ ಔಷಧಗಳನ್ನು ಕೊಟ್ಟು, ಕಿತ್ತಳೆ ನಿಂಬೆಗಳನ್ನು ತಿಂದವರಿಬ್ಬರೇ ಬೇಗ ಗುಣ ಹೊಂದಿದ್ದನ್ನು ಕಂಡನು. ಆದರೂ ಪದ್ಧತಿಯು ಪೂರ್ಣರೂಪವನ್ನು ತಾಳಲು ಇನ್ನೆರಡು ನೂರು ವರ್ಷಗಳು ಬೇಕಾದವು. 1948ರಲ್ಲಿ ಪ್ರಕಟವಾದ, ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧದ ಬ್ರಿಟಿಶ್ ಪರೀಕ್ಷೆಯಲ್ಲಿ ಯಾವ ರೋಗಿಗೆ ಔಷಧ, ಯಾವನಿಗೆ ಇಲ್ಲ ಎಂಬದನ್ನು ವೈದ್ಯನ ಇಚ್ಛೆಗೆ ಬಿಡದೆ, ಮೊದಲೇ ಚೀಟಿ ಎತ್ತಿದಂತೆ ನಿರ್ಣಯಿಸಿ ಲಕೋಟೆಗಳಲ್ಲಿ ಮುಚ್ಚಿಟ್ಟರು. ಇದರ ಯೋಜಕನು ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞನು. ಚೀಟಿ ಎತ್ತುವದರಿಂದ ಬಲಿಷ್ಠರು ಒಂದು ಕಡೆಗೂ ದುರ್ಬಲರು ಒಂದು ಕಡೆಗೂ ಸೇರುವ ಪಕ್ಷಪಾತವು ತಪ್ಪುವದು. ಇದಕ್ಕೆ ಇನ್ನೊಂದು ಉಪಾಯವೂ ಕೂಡಿತು; ನೋಟಕ್ಕೆ ರುಚಿಗೆ ಔಷಧದಂತೆಯೇ ಇದ್ದು ಒಳಗೆ ಔಷಧವಿಲ್ಲದ ಹುಸಿಗುಳಿಗೆಯನ್ನು ಎರಡನೆಯ ಗುಂಪಿಗೆ ಕೊಡುವದು. ಯಾರಿಗೆ ಯಾವದು ಸಿಕ್ಕಿದೆಯೆಂಬದು ತೆಗೆದುಕೊಳ್ಳುವವನಿಗೂ ಕೊಡುವವನಿಗೂ ಪರೀಕ್ಷೆಯು ಮುಗಿಯುವವರೆಗೆ ತಿಳಿಯಕೂಡದು. ವಿಶ್ವಾಸದ ಫಲವು ಎರಡೂ ಗುಂಪುಗಳಿಗೆ ಸಮನಾಗುವದರಿಂದ ಉಳಿದ ಅಂತರವು ಔಷಧದ್ದೇ ಆಗುವದು.

ಮಲಬದ್ಧತೆಯಲ್ಲಿ ಮತ್ತೊಂದು ತೊಡಕಿದೆ: ಎಣಿಸುವದು ಏನನ್ನು? ಜ್ವರವನ್ನು ಅಳೆಯಲು ನಳಿಕೆಯುಂಟು, ಇದಕ್ಕೆ ಏನುಂಟು? ದಿನಕ್ಕೊಮ್ಮೆ ಆಗದಿದ್ದರೆ ರೋಗವೆಂದು ನಮ್ಮಲ್ಲಿ ಸಾಮಾನ್ಯ ಭಾವನೆಯು. 1965ರಲ್ಲಿ ಇಂಗ್ಲೆಂಡದಲ್ಲಿ ಸಾವಿರಕ್ಕೂ ಮಿಕ್ಕಿದ ಜನರನ್ನು ವಿಚಾರಿಸಿದಾಗ, ನೂರಕ್ಕೆ 99 ಜನರ ರೂಢಿಯು ದಿನಕ್ಕೆ ಮೂರು ಸಾರೆಯಿಂದ ವಾರಕ್ಕೆ ಮೂರು ಸಾರೆಯವರೆಗೆ ಇರುವದೆಂದು ಕಂಡುಬಂದಿತು. ವಾರಕ್ಕೆ ಮೂರಕ್ಕಿಂತ ಕಡಿಮೆಯಾದರೆ ಮಲಬದ್ಧತೆಯೆಂಬ ಎಣಿಕೆಗೆ ಇದೇ ಆಧಾರವಾಯಿತು. ಆದರೆ ನಾರು ಹೆಚ್ಚಾದ ಆಹಾರವುಳ್ಳ ನಮ್ಮ ದೇಶದಲ್ಲಿ ನಿರೋಗಿಗಳಾದ ಹೆಚ್ಚಿನವರಿಗೆ ದಿನಕ್ಕೊಮ್ಮೆಯಾದರೂ ಆಗುವದು ರೂಢಿಯಾಗಿರುವದರಿಂದ, ಆ ಎಣಿಕೆಯು ಜೋಳದ ರೊಟ್ಟಿಯನ್ನು ಉಣ್ಣುವ ಗದುಗಿನವನಿಗೆ ಪೂರ್ತಿಯಾಗಿ ಒಪ್ಪಲಾರದು. ಆದುದರಿಂದ ಎಣಿಕೆಯೊಂದನ್ನೇ ನೋಡದೆ, ತಿಣುಕುವದು, ಗಟ್ಟಿಯಾಗುವದು, ಪೂರ್ಣವಾಗಲಿಲ್ಲವೆಂಬ ಭಾವನೆ ಇವುಗಳನ್ನೂ ಕೂಡಿಸಿ, ಆರು ತಿಂಗಳ ಹಿಂದೆ ಆರಂಭವಾಗಿ ಕಳೆದ ಮೂರು ತಿಂಗಳು ಇದ್ದರೆ ಅದನ್ನು ದೀರ್ಘಕಾಲಿಕವೆನ್ನಬೇಕೆಂದು ರೋಮ್ ನಗರದ ಹೆಸರಿನಿಂದ ಪ್ರಸಿದ್ಧವಾದ ವೈದ್ಯಮಂಡಲಿಯು ಗೊತ್ತುಪಡಿಸಿದೆ. ಬ್ರಿಸ್ಟಲ್ ಊರಿನ ವೈದ್ಯರು ಮಲದ ರೂಪವನ್ನು ಏಳು ತರಗಳಾಗಿ ವಿಂಗಡಿಸಿದ ಚಿತ್ರಪಟವೊಂದನ್ನು ಮಾಡಿದರು; 1997ರಲ್ಲಿ ಅದರ ಉಪಯುಕ್ತತೆಯನ್ನು ತೋರಿಸಿದರು. ಈಗ ಪರೀಕ್ಷೆಗೆ ಸೇರಿದವನು ದಿನದಿನಕ್ಕೆ ಒಂದು ವಹಿಯಲ್ಲಿ ಇವುಗಳನ್ನು ಬರೆದಿಡಬೇಕಾಗುವದು. ನೆನಪಿನ ಮಾತಿಗಿಂತ ವಹಿಯ ಲೆಕ್ಕವು ಹೆಚ್ಚು ನಂಬತಕ್ಕದ್ದೆಂಬದನ್ನು ಅಂಗಡಿಕಾರರಿಗೆ ಹೇಳಬೇಕಾದದ್ದಿಲ್ಲ.

ಪರೀಕ್ಷೆಯಿಲ್ಲದ ಪ್ರಸಿದ್ಧಿಯು ಎಂಥದೆಂಬದಕ್ಕೆ ಫಿನಾಲ್ಫ್ತಲೀನಿನ ಚರಿತ್ರೆಯನ್ನು ನೋಡಬೇಕು. ಶಾಲೆಯ ರಸಾಯನಪಾಠದಲ್ಲಿ ಕ್ಷಾರವನ್ನು ಸೇರಿದೊಡನೆ ಗುಲಾಬಿಯ ಬಣ್ಣವನ್ನು ತಾಳುವ ವಸ್ತುವೇ ಅದು. ಹಂಗೇರಿಯಲ್ಲಿ ಕೀಳು ದ್ರಾಕ್ಷಾರಸವನ್ನು ಗುರುತಿಸುವದಕ್ಕಾಗಿ ಅದನ್ನು ಬೆರಸಬೇಕೆಂದು ಯೋಚಿಸಿದಾಗ, ಬುಡಾಪೆಸ್ಟಿನ ವಾಮೊಸಿ ಎಂಬ ವಿದ್ವಾಂಸನು ಅದು ನಿರಪಾಯಕರವೋ ಎಂದು ಶೋಧಿಸಹೋಗಿ, ಅದು ಜುಲಾಬಿನ ಔಷಧವೆಂದು ಕಂಡುಹಿಡಿದನು. 1902ರ ಹೊತ್ತಿಗೆ ಇದು ವೈದ್ಯಲೋಕಕ್ಕೆ ತಿಳಿದು, 1906ರಲ್ಲಿ ಅಮೇರಿಕೆಯಲ್ಲಿ ಚಾಕಲೇಟಿನೊಡನೆ ಕೂಡಿಸಿ ಎಕ್ಸ್-ಲ್ಯಾಕ್ಸ್ ಎಂಬ ಹೆಸರಿನಿಂದ ಮಾರಹತ್ತಿದರು. ಸುಮಾರು ತೊಂಬತ್ತು ವರ್ಷ ಮಕ್ಕಳೂ ಮುದುಕರೂ ಅದನ್ನು ತಿಂದರು. ಕೊನೆಗೆ ಇಲಿಗಳ ಮೇಲೆ ದೀರ್ಘಕಾಲ ಪ್ರಯೋಗಿಸಿದಾಗ ಅದರಿಂದ ಅರ್ಬುದಗಳು ಹುಟ್ಟುವವೆಂದು ಕಂಡುಬಂದು, 1999ರಲ್ಲಿ ಅಮೇರಿಕೆಯ ಸರಕಾರವು ಅದನ್ನು ಜುಲಾಬಿನ ಔಷಧಗಳ ಪಟ್ಟಿಯಿಂದ ತೆಗೆದುಹಾಕಿತು. ಮೂರು ತಲೆಮಾರುಗಳ ವಾಡಿಕೆಯು ಆ ದೋಷವನ್ನು ತೋರಿಸಿಕೊಟ್ಟಿರಲಿಲ್ಲ. ಅತ್ತೆಯೂ ಅತ್ತೆಯ ಅತ್ತೆಯೂ ಕೊಡುತ್ತಿದ್ದಳೆಂಬ ಪ್ರಮಾಣವು ಪಶ್ಚಿಮದಲ್ಲಿಯೂ ಇಷ್ಟೇ ಬಲವುಳ್ಳದ್ದಾಗಿತ್ತು.

1962ರಲ್ಲಿ ಅಮೇರಿಕೆಯು ಹೊಸ ಔಷಧವು ನಿರಪಾಯಕರವೆಂದಷ್ಟೇ ಅಲ್ಲ, ಗುಣಕಾರಿಯೆಂದೂ ಪರೀಕ್ಷೆಯಿಂದ ತೋರಿಸಬೇಕೆಂದು ಕಾಯದೆ ಮಾಡಿತು. ಆದರೂ ಮಲಬದ್ಧತೆಯ ಹಳೆಯ ಔಷಧಗಳು ಚೆನ್ನಾದ ಪರೀಕ್ಷೆಯ ಬಾಗಿಲಿಗೆ ಬಂದದ್ದು ಬಹಳ ತಡವಾಗಿಯೇ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ, ನೀರನ್ನು ಕರುಳಿನಲ್ಲಿ ಹಿಡಿದಿಡುವ ಪುಡಿಯನ್ನು 304 ಜನರಲ್ಲಿ ಆರು ತಿಂಗಳು ಪರೀಕ್ಷಿಸಿದ ವರದಿಯು 2007ರಲ್ಲಿ ಬಂದಿತು. ಪುಡಿಯನ್ನು ತೆಗೆದುಕೊಂಡವರಲ್ಲಿ ನೂರಕ್ಕೆ 52 ಜನರಿಗೂ ಹುಸಿಪುಡಿಯವರಲ್ಲಿ 11 ಜನರಿಗೂ ಗುಣ ಕಂಡಿತು. ಬಿಸಾಕೊಡಿಲ್ ಗುಳಿಗೆಯನ್ನು 368 ಜನರಲ್ಲಿ ನಾಲ್ಕು ವಾರ ಪರೀಕ್ಷಿಸಿದ್ದು 2011ರಲ್ಲಿ ಪ್ರಕಟವಾಯಿತು. ತಾನಾಗಿಯೇ, ಪೂರ್ಣವಾಗಿ ಆದ ವಿಸರ್ಜನೆಗಳು ವಾರಕ್ಕೆ 1.1 ಇದ್ದದ್ದು ಔಷಧದಿಂದ 5.2ಕ್ಕೆ ಏರಿತು, ಹುಸಿಗುಳಿಗೆಯಿಂದಲೂ 1.9ಕ್ಕೆ ಏರಿತು. ಈ 1.9ನ್ನು ವಾಚಕರು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಗುಳಿಗೆಯೊಳಗೆ ಏನೂ ಇರಲಿಲ್ಲ, ಆದರೂ ಲೆಕ್ಕವು ಹೆಚ್ಚಿತು. ವ್ಯತಿರೇಕದ ಗುಂಪು ಇರದಿದ್ದರೆ ಆ ಹೆಚ್ಚಳವೂ ಔಷಧದ ಖಾತೆಗೇ ಜಮೆಯಾಗುತ್ತಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷವನ್ನು ಕೊಟ್ಟದ್ದು ಸೋನಾಮುಖಿಯ ಪರೀಕ್ಷೆಯು. 1941ರಲ್ಲಿ ಸ್ವಿತ್ಝರ್ಲೆಂಡದ ಆರ್ಥರ್ ಸ್ಟೋಲ್ ಮತ್ತು ಅವನ ಸಂಗಡಿಗರು ಈ ಎಲೆಯ ಸತ್ವಗಳನ್ನು ಬೇರ್ಪಡಿಸಿ ಸೆನ್ನೊಸೈಡುಗಳೆಂದು ಹೆಸರಿಟ್ಟಿದ್ದರು. ಅವು ಜಠರದಲ್ಲಿ ಬದಲಾಗದೆ ದೊಡ್ಡ ಕರುಳನ್ನು ಮುಟ್ಟಿ, ಅಲ್ಲಿಯ ಸೂಕ್ಷ್ಮಜೀವಿಗಳಿಂದ ಒಡೆಯಲ್ಪಟ್ಟ ಮೇಲೆಯೇ ಕೆಲಸ ಮಾಡುವವು. ರಾತ್ರಿ ತೆಗೆದುಕೊಂಡದ್ದು ಬೆಳಗಿನಲ್ಲಿ ಫಲಿಸುವ ಕಾರಣವು ಇದೇ. 2021ರಲ್ಲಿ ಜಪಾನದ ವೈದ್ಯರು 90 ಜನರನ್ನು ಮೂರು ಗುಂಪು ಮಾಡಿ, ಸೋನಾಮುಖಿ, ಮೆಗ್ನೀಶಿಯಮ್ ಆಕ್ಸೈಡ್, ಹುಸಿಔಷಧ ಇವುಗಳನ್ನು 28 ದಿನ ಕೊಟ್ಟ ಪರೀಕ್ಷೆಯನ್ನು ಪ್ರಕಟಿಸಿದರು. ಗುಣವಾದವರು ನೂರಕ್ಕೆ ಅನುಕ್ರಮವಾಗಿ 69.2, 68.3, 11.7. ಅಜ್ಜಿಯ ಗೂಡಿನೊಳಗಿನ ಗಂಟು ಕಾಗೆಯಾಗಿರಲಿಲ್ಲವೆಂಬದು ಹೀಗೆ ಸಿದ್ಧವಾಯಿತು. ಆದರೆ ಈ ಪರೀಕ್ಷೆಯು 28 ದಿನಗಳದು. ಇಪ್ಪತ್ತೆಂಟು ವರ್ಷ ಪ್ರತಿರಾತ್ರಿ ಸೋನಾಮುಖಿಯನ್ನು ತಿನ್ನುವದಕ್ಕೆ ಅದು ಆಧಾರವಾಗಲಾರದು.

ಗೂಡಿನಲ್ಲಿಯ ಉಳಿದೆರಡು ವಸ್ತುಗಳ ಗತಿಯೇನು? ಔಡಲೆಣ್ಣೆಯು ಮಿಸರ ದೇಶದ ಮೂರೂವರೆ ಸಾವಿರ ವರ್ಷಗಳ ಹಿಂದಿನ ವೈದ್ಯಗ್ರಂಥದಲ್ಲಿಯೂ ಬಂದಿದೆ. ಅದರೊಳಗಿನ ಆಮ್ಲವು ಕರುಳಿನ ಸ್ನಾಯುಗಳನ್ನು ಯಾವ ದ್ವಾರದಿಂದ ಪ್ರೇರಿಸುವದೆಂಬದನ್ನು ಜರ್ಮನಿಯ ಸಂಶೋಧಕರು ಇಲಿಗಳಲ್ಲಿ 2012ರಲ್ಲಿ ತೋರಿಸಿದರು. ಅದು ಭೇದಿ ಮಾಡಿಸುವದರಲ್ಲಿ ಸಂದೇಹವಿಲ್ಲ. ದೀರ್ಘಕಾಲದ ಮಲಬದ್ಧತೆಗೆ ಹಿತವೋ ಎಂಬದು ಬೇರೆ ಪ್ರಶ್ನೆಯು. 2023ರಲ್ಲಿ ಅಮೇರಿಕೆಯ ಎರಡು ಉದರವೈದ್ಯ ಸಂಘಗಳು ಕೂಡಿ, ನಡೆದ ಪರೀಕ್ಷೆಗಳನ್ನೆಲ್ಲ ತೂಗಿ, ವಯಸ್ಕರಿಗಾಗಿ ಔಷಧಗಳ ಒಂದು ಪಟ್ಟಿಯನ್ನು ಹೊರಡಿಸಿದವು. ಅದರಲ್ಲಿ ಪಾಲಿಎಥಿಲೀನ್ ಗ್ಲೈಕಾಲ್, ಪ್ರುಕಾಲೊಪ್ರೈಡ್ ಮೊದಲಾದವುಗಳಿಗೆ ದೃಢವಾದ ಸಮ್ಮತಿಯೂ, ನಾರು, ಸೋನಾಮುಖಿ, ಲ್ಯಾಕ್ಟುಲೋಸ್, ಮೆಗ್ನೀಶಿಯಮ್ ಆಕ್ಸೈಡುಗಳಿಗೆ ಷರತ್ತಿನ ಸಮ್ಮತಿಯೂ ದೊರೆತಿದೆ. ನಾರುಗಳಲ್ಲಿ ಇಸಬಗೋಲಿಗೆ ಅಗ್ರಸ್ಥಾನವಿದೆ. ಔಡಲೆಣ್ಣೆಯ ಹೆಸರೂ ತ್ರಿಫಲೆಯ ಹೆಸರೂ ಅದರಲ್ಲಿ ಇಲ್ಲ. ತ್ರಿಫಲೆಯು ಸೋತಿತೆಂದು ಇದರ ಅರ್ಥವಲ್ಲ. ಅದನ್ನು ಸಾಕಷ್ಟು ದೊಡ್ಡ ಪರೀಕ್ಷೆಯ ಅಖಾಡಕ್ಕೆ ಇಳಿಸಲಿಲ್ಲವೆಂದೇ ಅರ್ಥ. ನಮ್ಮ ದೇಶದ ಔಷಧ ಕಾಯದೆಯ ಪ್ರಕಾರ ಮಾನ್ಯ ಗ್ರಂಥಗಳಲ್ಲಿ ಹೇಳಿದ ಆಯುರ್ವೇದ ಯೋಗಕ್ಕೆ ಆ ಗ್ರಂಥವೇ ಆಧಾರವಾಗುವದು. ಗ್ರಂಥಕ್ಕೆ ಇದು ಗೌರವವೇ ಸರಿ. ಆದರೆ ಹೀಗೆ ಪರೀಕ್ಷೆಯಿಂದ ವಿನಾಯತಿ ದೊರೆತ ಔಷಧವು ಲೋಕದ ಮುಂದೆ ತನ್ನ ಗುಣವನ್ನು ಸ್ಥಾಪಿಸುವ ಅವಕಾಶವನ್ನೂ ಕಳೆದುಕೊಳ್ಳುವದು.

ಪರೀಕ್ಷೆಯೂ ಸರ್ವಜ್ಞವಲ್ಲವೆಂಬದನ್ನು ಹೇಳದಿದ್ದರೆ ಪಕ್ಷಪಾತವಾದೀತು. ಟೆಗಾಸೆರಾಡ್ ಎಂಬ ಔಷಧಕ್ಕೆ ಅಮೇರಿಕೆಯಲ್ಲಿ 2002ರಲ್ಲಿ ಕರುಳಿನ ಒಂದು ವ್ಯಾಧಿಗಾಗಿಯೂ 2004ರಲ್ಲಿ ದೀರ್ಘಕಾಲದ ಮಲಬದ್ಧತೆಗಾಗಿಯೂ ಅನುಮತಿ ದೊರೆಯಿತು. ಮಲಬದ್ಧತೆಯ ಪರೀಕ್ಷೆಗಳಲ್ಲಿ ಅದು ಗೆದ್ದಿತ್ತು. ಆಮೇಲೆ ಎಲ್ಲ ಪರೀಕ್ಷೆಗಳ ವಹಿಗಳನ್ನು ಕೂಡಿಸಿ ನೋಡಿದಾಗ, ಔಷಧವನ್ನು ತೆಗೆದುಕೊಂಡ 11,614 ಜನರಲ್ಲಿ 13 ಜನರಿಗೆ ಹೃದಯದ ಅಥವಾ ಮೆದುಳಿನ ರಕ್ತನಾಳಗಳ ಆಘಾತವೂ, ಹುಸಿಔಷಧದ 7,031 ಜನರಲ್ಲಿ ಒಬ್ಬನಿಗೆ ಮಾತ್ರ ಅಂಥದೂ ಆದದ್ದು ಹೊರಬಿದ್ದಿತು. 2007ರ ಮಾರ್ಚಿನಲ್ಲಿ ಅಲ್ಲಿ ಮಾರಾಟವು ನಿಂತಿತು. ಹನ್ನೆರಡು ವರ್ಷಗಳ ಮೇಲೆ ಕೆಲವು ಸ್ತ್ರೀರೋಗಿಗಳಿಗೆ ಮಾತ್ರ ಮರಳಿ ಅನುಮತಿಯಾಯಿತು. ನಮ್ಮ ದೇಶದಲ್ಲಿ 2011ರಲ್ಲಿ ಅದನ್ನು ನಿಷೇಧಿಸಿದರು. ಸಾವಿರಕ್ಕೊಬ್ಬನಿಗೆ ಆಗುವ ಅಪಾಯವನ್ನು ಮುನ್ನೂರು ಜನರ ಪರೀಕ್ಷೆಯು ಕಾಣಲಾರದು. ಯಾವ ಊರಿನ ಯಾವ ವೈದ್ಯನ ಅನುಭವವೂ ಕಾಣಲಾರದು. ಅದನ್ನು ಕಂಡದ್ದು ವಹಿಗಳನ್ನು ಇಟ್ಟಿದ್ದರಿಂದ, ಮತ್ತು ವ್ಯತಿರೇಕದ 7,031 ಜನರು ಇದ್ದುದರಿಂದ.

ಇನ್ನು ನಮ್ಮ ಮನೆತನದ ಮಾತು. ನನ್ನ ಸೋದರಮಾವನವರು ಮುಂಡರಗಿಯಲ್ಲಿ ಅರಿವೆಯ ಅಂಗಡಿ ಇಟ್ಟಿದ್ದರು. ಅರವತ್ತು ದಾಟುವವರೆಗೆ ಅವರಿಗೆ ಹೊಟ್ಟೆಯ ತೊಂದರೆಯೆಂಬದು ಗೊತ್ತಿರಲಿಲ್ಲ. ಒಂದು ದೀಪಾವಳಿಗೆ ನಾನು ಹೋದಾಗ ನನ್ನನ್ನು ಬದಿಗೆ ಕರೆದು, “ಯಾಕೋ ಅಳಿಯಾ, ಎರಡು ತಿಂಗಳಾತು, ಹೊಟ್ಟಿ ಹಗುರಾಗವಲ್ದು ನೋಡು” ಎಂದರು. ನಾನು ಸಂಸ್ಕೃತ ಕಲಿತವನೆಂದು ಅವರಿಗೆ ನನ್ನ ಮೇಲೆ ಬಹಳ ನಂಬಿಗೆ. ತ್ರಿಫಲೆಯ ಮಹಿಮೆಯನ್ನು ಶ್ಲೋಕಗಳೊಡನೆ ವರ್ಣಿಸಿ, ಮುಂದಿನ ವಾರ ಗದುಗಿನಿಂದ ಚೂರ್ಣವನ್ನು ತಂದುಕೊಟ್ಟೆನು. ಒಂದು ತಿಂಗಳು ಗುಣವೆನಿಸಿತು. ಆಮೇಲೆ ಪ್ರಮಾಣವನ್ನು ಹೆಚ್ಚಿಸಿದೆವು, ಅದಕ್ಕೆ ಸೋನಾಮುಖಿಯನ್ನು ಕೂಡಿಸಿದೆವು. ಅವರ ಅಂಗಿಯು ಸಡಿಲವಾಗುತ್ತ ಬಂದಿತ್ತು. ಹೊಟ್ಟೆಯು ಶುದ್ಧವಾಗಿ ಮೈ ಹಗುರಾಯಿತೆಂದು ನಾನೇ ಸಮಾಧಾನ ಹೇಳಿದೆನು. ರಕ್ತ ಬೀಳುತ್ತಿದ್ದುದನ್ನು ಅವರು ಸಂಕೋಚದಿಂದ ಯಾರಿಗೂ ತಿಳಿಸಿರಲಿಲ್ಲ. ಹೀಗೆ ಒಂದು ವರ್ಷ ಕಳೆಯಿತು. ಕೊನೆಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ ದೊಡ್ಡ ಕರುಳಿನಲ್ಲಿ ಅರ್ಬುದವು ಬೆಳೆದು ಯಕೃತ್ತಿಗೂ ಹಬ್ಬಿದೆಯೆಂದು ತಿಳಿಯಿತು. ಎಂಟು ತಿಂಗಳಲ್ಲಿ ಅವರು ತೀರಿಕೊಂಡರು.

ಆಮೇಲೆ ಗದುಗಿನ ವೈದ್ಯಮಿತ್ರರೊಬ್ಬರಲ್ಲಿ ಈ ವ್ಯಾಧಿಯ ಔಷಧಪರೀಕ್ಷೆಗಳ ವರದಿಗಳನ್ನು ಕೇಳಿ ತಂದು ಓದಹತ್ತಿದೆನು. ಅವರು ಕುಳಿತು ಅರ್ಥ ಹೇಳಿದರು. ಫಲದ ಅಂಕಿಗಳಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು, ಯಾರನ್ನು ಪರೀಕ್ಷೆಗೆ ಸೇರಿಸಿಕೊಳ್ಳಬಾರದೆಂದು ಆರಂಭದಲ್ಲಿ ಕೊಟ್ಟ ನಿಯಮಗಳು. ಕರುಳಿನಲ್ಲಿ ಬೇರೆ ರೋಗವಿದ್ದವರು, ಅದರ ಶಂಕೆಯುಳ್ಳವರು, ಥೈರಾಯ್ಡಿನಂತಹ ಬೇರೆ ಕಾರಣದಿಂದ ಅಥವಾ ಬೇರೆ ಔಷಧದಿಂದ ಮಲಬದ್ಧರಾದವರು, ಇಂಥವರನ್ನು ಮೊದಲೇ ಬೇರ್ಪಡಿಸಿ, ಉಳಿದವರಿಗೆ ಮಾತ್ರ ಔಷಧವನ್ನು ಕೊಟ್ಟಿದ್ದರು. ಅಂದರೆ ನೂರಕ್ಕೆ 52, ನೂರಕ್ಕೆ 69 ಎಂದು ನಾವು ಓದುವ ಅಂಕಿಗಳೆಲ್ಲ ಆ ಬಾಗಿಲನ್ನು ದಾಟಿ ಬಂದವರವು. ನಮ್ಮ ಮಾಮಾ ಅವರನ್ನು ಆ ಬಾಗಿಲಿನಲ್ಲಿಯೇ ತಡೆದು, ಮೊದಲು ಒಳಗೇನಿದೆ ನೋಡೋಣವೆನ್ನುತ್ತಿದ್ದರು. ನಾನು ಬಾಗಿಲನ್ನೇ ಇಡದೆ ಔಷಧವನ್ನು ಕೊಟ್ಟಿದ್ದೆನು.

ಮೊದಲೇ ತೋರಿಸಿದ್ದರೆ ಅವರು ಉಳಿಯುತ್ತಿದ್ದರೇ ಎಂದು ನನ್ನ ಅತ್ತೆಯವರು ಒಮ್ಮೆ ಕೇಳಿದರು. ಬೇಗ ಕಂಡುಹಿಡಿದರೆ ಈ ರೋಗದಲ್ಲಿ ಬದುಕುವವರು ಬಹಳವೆಂಬದು ಸತ್ಯ; ಅವರು ಬದುಕುತ್ತಿದ್ದರೆಂದು ನಾನು ಹೇಳಲಾರದೆ ಹೋದೆನು. ಸಾವಿರ ಜನರಲ್ಲಿ ಅನ್ವಯ ವ್ಯತಿರೇಕಗಳನ್ನು ನೋಡಬಹುದು. ಒಬ್ಬ ಮನುಷ್ಯನ ಆಯುಷ್ಯಕ್ಕೆ ವ್ಯತಿರೇಕವಿಲ್ಲ. ಅದು ಒಂದೇ ಸಾರೆ ನಡೆಯುವದು.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ಐವತ್ತು ದಾಟಿದವರಿಗೆ ಮಲಬದ್ಧತೆಯು ಹೊಸದಾಗಿ ಆರಂಭವಾದರೆ, ರಕ್ತ ಕಂಡರೆ, ಕಾರಣವಿಲ್ಲದೆ ತೂಕವಿಳಿದರೆ, ಮುಖ ಬಿಳಿಚಿದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಅರ್ಬುದವಾಗಿದ್ದರೆ, ಚೂರ್ಣವನ್ನೂ ಗುಳಿಗೆಯನ್ನೂ ಬದಿಗಿಟ್ಟು ಮೊದಲು ವೈದ್ಯರಿಗೆ ತೋರಿಸಬೇಕು. ಕಬ್ಬಿಣದ ಗುಳಿಗೆಯಿಂದಲೂ ನೋವಿನ ಕೆಲವು ಔಷಧಗಳಿಂದಲೂ ಹೊಟ್ಟೆ ಕಟ್ಟುವದುಂಟು. ಅದನ್ನೂ ಅವರಿಗೆ ತಿಳಿಸಬೇಕು. ಇಂಥದೇನೂ ಇಲ್ಲದವರು ಆಹಾರ, ನೀರು, ನಡಿಗೆಗಳಿಂದ ಆರಂಭಿಸಿ, ಬೇಕಾದರೆ ಇಸಬಗೋಲನ್ನು ಸಾಕಷ್ಟು ನೀರಿನೊಡನೆ ತೆಗೆದುಕೊಳ್ಳಬಹುದು. ಮೂತ್ರಪಿಂಡದ ದೋಷವುಳ್ಳವರು ಮೆಗ್ನೀಶಿಯಮ್ಮಿನ ಔಷಧಗಳನ್ನು ತಾವಾಗಿ ತೆಗೆದುಕೊಳ್ಳಕೂಡದು.

ವಿದ್ವಾಂಸರಲ್ಲಿಯೂ ಒಂದು ವಿಜ್ಞಾಪನೆಯುಂಟು. ನಮ್ಮ ಗದುಗಿನಲ್ಲಿ ಮೇಲ್ಮಾಳಗಿಯವರ ಹೆಸರಿನ ಆಯುರ್ವೇದ ಮಹಾವಿದ್ಯಾಲಯವೂ ಇದೆ, ಸರಕಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇದೆ. ಮನುಷ್ಯರ ಮೇಲೆ ನಡೆಯುವ ಔಷಧಪರೀಕ್ಷೆಗಳನ್ನು ಮೊದಲೇ ನೋಂದಿಸಲು 2007ರಿಂದ ದೇಶಕ್ಕೆ ಒಂದು ದಾಖಲೆಯ ವ್ಯವಸ್ಥೆಯೂ ಉಂಟು. ಇವರೆಲ್ಲರೂ ಕೂಡಿ ಅಳಲೆ, ತಾರೆ, ನೆಲ್ಲಿಗಳ ಆ ಪುರಾತನ ಯೋಗವನ್ನು ನಮ್ಮ ಜೋಳದ ರೊಟ್ಟಿಯ ಜನರಲ್ಲಿಯೇ, ಚೀಟಿ ಎತ್ತಿ, ವಹಿ ಇಟ್ಟು ಪರೀಕ್ಷಿಸಿದರೆ, ಗೆದ್ದರೂ ಸೋತರೂ ಅದು ಚರಕನ ಮಾರ್ಗವೇ ಆಗುವದು.

ಶಿರಹಟ್ಟಿಯ ಮನೆಯ ಗೂಡು ಇನ್ನೂ ಇದೆ. ಅದರಲ್ಲಿ ಈಗ ಇಸಬಗೋಲಿನ ಡಬ್ಬಿಯೂ ಸೋನಾಮುಖಿಯ ಗುಳಿಗೆಗಳೂ ಇವೆ. ಅಜ್ಜಿಯ ಸೀಸೆಯನ್ನು ತೆಗೆದಿಲ್ಲ. ಅವುಗಳ ಮುಂದೆ, ಔಷಧ ಕೊಡುವ ಮೊದಲು ಕೇಳತಕ್ಕ ಆ ನಾಲ್ಕಾರು ಪ್ರಶ್ನೆಗಳನ್ನು ಬರೆದ ಒಂದು ಕಾಗದವನ್ನು ಅಂಟಿಸಿದ್ದೇನೆ. ಯಾರು ಗೂಡಿಗೆ ಕೈಹಾಕಿದರೂ ಮೊದಲು ಅದನ್ನು ಓದಬೇಕೆಂಬದು ಮನೆಯ ನಿಯಮವಾಗಿದೆ.